ಗ್ರೈಂಡರ್ ಕೆಳಗಿಡು ತಮ್ಮಾ

ತಮ್ಮಾ, ಮೊದಲು ಆ ಗ್ರೈಂಡರ್ ಕೆಳಗಿಡು. ಆಮೇಲೆ ಮಾತಾಡೋಣ.

ನಿನ್ನ ಉಮೇದು ನನಗೆ ಗೊತ್ತು. ದೇವದುರ್ಗದ ಹಳೆ ಮನೆಯ ಸಿಮೆಂಟ್ ಪತ್ರಾಸು ಇಳಿಸಬೇಕು, ಮೇಲೆ ಆರ್‌ಸಿಸಿ ಹಾಕಬೇಕು, ದಸರೆಯೊಳಗೆ ಮನೆ ಒಕ್ಕಲಾಗಬೇಕು, ಗೆಳೆಯರಿಗೆಲ್ಲ ಹೋಳಿಗೆ ಊಟ ಹಾಕಬೇಕು. ತಪ್ಪೇನಿಲ್ಲ. ನಿನ್ನ ವಯಸ್ಸಿಗೆ ಮನೆ ಕೆಲಸಕ್ಕೆ ಕೈಹಾಕುವ ಧೈರ್ಯ ನಮ್ಮ ಮನೆತನದಲ್ಲಿ ಯಾರೂ ಮಾಡಿರಲಿಲ್ಲ. ಆದರೆ ನೀನು ಕೆಲಸ ಅಂದರೆ ಕಾಲಿಗೆ ಚಕ್ರ ಕಟ್ಟಿಕೊಂಡವನು. ಅಡ್ಡಾಕ್ಕೆ ಹೋಗಿ ನಾಲ್ಕು ಹುಡುಗರನ್ನು ಕರೆತರುತ್ತಿ, ಕೈಗೆ ಸುತ್ತಿಗೆ ಕೊಡುತ್ತಿ, ಸಂಜೆಯೊಳಗೆ ಎಲ್ಲಾ ಕೆಡವಿರಿ ಅನ್ನುತ್ತಿ. ಅದು ಆಗಬಾರದು ಅಂತಲೇ ಇಷ್ಟು ಹೇಳುತ್ತಿದ್ದೇನೆ.

ಆ ಬೂದು ಬಣ್ಣದ ಅಲೆಅಲೆಯಾದ ಶೀಟಿನಲ್ಲಿ ಸಿಮೆಂಟಿನ ಜೊತೆ ಆಸ್‌ಬೆಸ್ಟಾಸ್ ಬೆರೆತಿದೆ. ನಮ್ಮ ಪುಸ್ತಕಗಳಲ್ಲಿ ಕಲ್ನಾರು ಅಂತ ಬರೆಯುತ್ತಾರೆ. ನೆಲದಿಂದ ಅಗೆದು ತೆಗೆಯುವ ಖನಿಜ, ಬಿಡಿಸಿದರೆ ಎಳೆ ಎಳೆಯಾಗಿ ಬರುತ್ತದೆ. ಆಂಧ್ರದ ಕಡಪ ಜಿಲ್ಲೆಯ ಪುಲಿವೆಂದುಲದ ಕಡೆ ಒಂದು ಕಾಲಕ್ಕೆ ಇದರ ಗಣಿಗಳೇ ಇದ್ದವು. 1901ರಲ್ಲಿ ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ ಎಂಬಾತ ಈ ಎಳೆಯನ್ನು ಸಿಮೆಂಟಿಗೆ ಬೆರೆಸಿ ತೆಳು ಹಾಳೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. 1946ರಲ್ಲಿ ನಮ್ಮ ಹೈದರಾಬಾದಿನಲ್ಲೇ ಇದರ ಕಂಪನಿ ಹುಟ್ಟಿತು. ಆಮೇಲೆ ಚಾರ್ಮಿನಾರ್ ಅಂದರೆ ನಮ್ಮ ಕಡೆ ಗೋಪುರವೂ ಹೌದು, ಶೀಟೂ ಹೌದು. ಶೀಟಿನಲ್ಲಿ ಆಸ್‌ಬೆಸ್ಟಾಸ್ ಇರುವುದು ನೂರಕ್ಕೆ ಹತ್ತರ ಆಸುಪಾಸು. ಉಳಿದದ್ದು ಸಿಮೆಂಟು, ಹಾರುಬೂದಿ. ಹತ್ತೇ ಪಾಲು ತಾನೆ ಅಂತ ನಗಬೇಡ. ತೊಂದರೆ ಕೊಡಲು ಆ ಹತ್ತು ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಶೀಟನ್ನು ಬಯ್ಯಬೇಡ. ನಿನ್ನ ಅಜ್ಜಿ ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲಕ್ಕೊಮ್ಮೆ ಬೋಗುಣಿ, ಕೊಡ, ಪರಾತ ಎಲ್ಲ ಸಾಲಾಗಿ ಇಟ್ಟು ಸೋರುವ ನೀರು ಹಿಡಿದವಳು. ಜಂತಿಗೆ ಗೆದ್ದಲು ಹತ್ತಿ ಮಾಳಿಗೆ ಕೂತಾಗ ಈ ಪತ್ರಾಸೇ ನಮ್ಮ ತಲೆ ಕಾಯಿತು. ತಗಡಿಗಿಂತ ಕಡಿಮೆ ಕಾಯುತ್ತಿತ್ತು, ಮಳೆ ಬಂದರೆ ಕಿವಿ ಕಿವುಡಾಗುವಷ್ಟು ಸದ್ದು ಇರಲಿಲ್ಲ, ತುಕ್ಕು ಹಿಡಿಯುತ್ತಿರಲಿಲ್ಲ. ಮಾನವಿಯ ರೈಸ್ ಮಿಲ್ಲು, ರಾಯಚೂರು ಗಂಜಿನ ಕಡೆಯ ಗೋದಾಮು, ಹತ್ತಿ ಜಿನ್ನಿಂಗ್ ಶೆಡ್ಡು, ಸಾಲಿ ಕೋಣೆ, ದನದ ಕೊಟ್ಟಿಗೆ, ಎಲ್ಲಿ ನೋಡಿದರೂ ಅದೇ. ಕೈಯಲ್ಲಿ ನಾಲ್ಕು ಕಾಸು ಬಂದ ಬಡವ ಮೊದಲು ತಂದದ್ದು ಅದನ್ನೇ. ಇವತ್ತಿಗೂ ಅದರ ಕೆಳಗೆ ಬದುಕುವವರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ. ಅವರಿಗೆ ಹೆದರಿಕೆ ಹುಟ್ಟಿಸುವುದು ನನ್ನ ಕೆಲಸವಲ್ಲ. ಗಟ್ಟಿಯಾಗಿ, ಬಿರುಕಿಲ್ಲದೆ, ಸುಮ್ಮನೆ ಮೇಲೆ ಕೂತಿರುವ ಶೀಟಿನಿಂದ ಎಳೆ ಹೊರಬೀಳುವುದು ಬಹಳ ಕಡಿಮೆ. ಕೊಯ್ದಾಗ, ಕೊರೆದಾಗ, ಒಡೆದಾಗ, ತಿಕ್ಕಿದಾಗ ಅದು ಹೊರಬರುತ್ತದೆ. ಅಂದರೆ ನಿನ್ನಂಥ ಅವಸರದವನು ಮೇಲೆ ಹತ್ತಿದಾಗ.

ಹೊರಬಂದ ಎಳೆ ಕಣ್ಣಿಗೆ ಕಾಣುವುದಿಲ್ಲ. ವಾಸನೆ ಇಲ್ಲ. ಮೆಣಸಿನಕಾಯಿ ಘಾಟಿನ ಹಾಗೆ ಕೆಮ್ಮು ಬರಿಸಿ ಎಚ್ಚರಿಸುವುದೂ ಇಲ್ಲ. ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಉಸಿರಿನ ಜೊತೆ ಪುಪ್ಪುಸದ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ದೇಹಕ್ಕೆ ಅದನ್ನು ಕರಗಿಸಲು ಬರುವುದಿಲ್ಲ. ಹತ್ತು ವರ್ಷ, ಇಪ್ಪತ್ತು, ಮೂವತ್ತು, ಒಮ್ಮೊಮ್ಮೆ ನಲವತ್ತು ವರ್ಷ ಕಳೆದ ಮೇಲೆ ಪುಪ್ಪುಸ ಗಟ್ಟಿಯಾಗಿ ಉಸಿರು ಸಾಲದೇ ಹೋಗುತ್ತದೆ. ಇಲ್ಲವೇ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಬಿಳಿಯದು, ಕಂದು, ನೀಲಿ ಅಂತ ಇದರಲ್ಲಿ ಜಾತಿಗಳಿವೆ. ಬಿಳಿಯದು ನಿರಪಾಯ ಅಂತ ಯಾರಾದರೂ ಹೇಳಿದರೆ ನಂಬಬೇಡ. ಎಲ್ಲ ಜಾತಿಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ನೇರವಾಗಿ ಹೇಳಿದೆ.

ನೀನು ಏನು ಹೇಳುತ್ತಿ ಅಂತ ಗೊತ್ತು. "ಏನೂ ಆಗಂಗಿಲ್ಲ ಬಿಡ್ರಿ ತಾತ, ನಮ್ಮ ಗೌಂಡಿ ಇಪ್ಪತ್ತು ವರ್ಷದಿಂದ ಇದನ್ನೇ ಕೊಯ್ತಾನ, ಕಲ್ಲುಗುಂಡಿನಂಗ ಅದಾನ." ಇಪ್ಪತ್ತು ವರ್ಷ ಇದಕ್ಕೆ ಲೆಕ್ಕವೇ ಅಲ್ಲ ತಮ್ಮಾ. 1995ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ಆಸ್‌ಬೆಸ್ಟಾಸ್ ಕಾರ್ಖಾನೆಗಳಿಗೆ ಒಂದು ಆಜ್ಞೆ ಮಾಡಿತು. ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕು ಅಂತ. ಕಾಗದವನ್ನೇ ನಲವತ್ತು ವರ್ಷ ಕಾಯಿರಿ ಅಂತ ನ್ಯಾಯಾಲಯ ಹೇಳಿದೆ ಅಂದರೆ ರೋಗ ಎಷ್ಟು ತಡವಾಗಿ ಬರುತ್ತದೆ ಅಂತ ನೀನೇ ಲೆಕ್ಕ ಹಾಕು. ಕಾರ್ಖಾನೆಯವನಿಗೆ ಆ ಕಾಗದವಾದರೂ ಇದೆ. ಅಡ್ಡಾದಲ್ಲಿ ನಿಂತ ಹುಡುಗನ ಹೆಸರು ಯಾವ ವಹಿಯಲ್ಲಿದೆ?

ಇನ್ನೊಂದು ಸಂಗತಿ. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಎಂಬ ವೈದ್ಯರು ತಮ್ಮ ಜೊತೆಗಾರರೊಂದಿಗೆ ಒಂದು ಲೇಖನ ಬರೆದರು. ಪುಪ್ಪುಸದ ಹೊರಪೊರೆಗೆ ಬರುವ ಅಪರೂಪದ ಕ್ಯಾನ್ಸರಿನ 33 ರೋಗಿಗಳ ಕತೆ ಅದು. ಅವರಲ್ಲಿ ಆಸ್‌ಬೆಸ್ಟಾಸ್ ಗಣಿಯಲ್ಲಿ ದುಡಿಯದವರೂ ಇದ್ದರು. ಗಣಿಯ ಊರಿನಲ್ಲಿ ಬಾಳಿದ್ದರು, ಮಕ್ಕಳಾಗಿದ್ದಾಗ ಅಲ್ಲಿ ಆಡಿದ್ದರು, ಅಷ್ಟೆ. ಆಮೇಲೆ ಬೇರೆ ದೇಶಗಳಲ್ಲೂ ಕಂಡರು: ಗಂಡನ ಕೆಲಸದ ಬಟ್ಟೆ ಒಗೆದ ಹೆಂಡತಿಗೆ ಕಾಯಿಲೆ. ನಿನ್ನ ಅಂಗಿ ಒಗೆಯುವವರು ಯಾರು? ನೀನಂತೂ ಅಲ್ಲ. ನಿನ್ನವ್ವ. ಆ ಧೂಳಿನ ಅಂಗಿಯನ್ನು ಬಚ್ಚಲ ಕಲ್ಲಿನ ಮೇಲೆ ಎರಡು ಸಲ ಜಾಡಿಸಿಯೇ ನೀರಿಗೆ ಹಾಕುವವಳು ಅವಳು. ನಿನ್ನ ಜೀವ ನಿನ್ನದು ಅಂತ ಮೊಂಡು ಹಿಡಿಯಬಹುದು, ಅವಳ ಉಸಿರಿನ ಮೇಲೆ ನಿನಗೆ ಹಕ್ಕಿಲ್ಲ.

ಸರಿ, ಗುರುತು ಹಿಡಿಯುವುದು ಹೇಗೆ? ಹೊರದೇಶದವರು ಇಂಥ ವರ್ಷಕ್ಕಿಂತ ಹಿಂದಿನ ಮನೆ ಅಂದರೆ ಅನುಮಾನಪಡು ಅನ್ನುತ್ತಾರೆ. ಐರೋಪ್ಯ ಒಕ್ಕೂಟ 2005ರಿಂದ ಇದನ್ನು ಪೂರ್ತಿ ನಿಲ್ಲಿಸಿದೆ, ಅವರಿಗೆ ಆ ಲೆಕ್ಕ ನಡೆಯುತ್ತದೆ. ನಮ್ಮಲ್ಲಿ ಗಣಿ ನಿಂತರೂ ರಷ್ಯಾದಂಥ ದೇಶಗಳಿಂದ ತರಿಸಿ ಶೀಟು ಮಾಡುವುದು ನಿಂತಿಲ್ಲ. ಹಾಗಾಗಿ ಹಳೆಯದೂ ಅನುಮಾನ, ಮೊನ್ನೆ ತಂದದ್ದೂ ಅನುಮಾನ. ಮೂಲೆ ಮುರಿದ ಕಡೆ ಕೂತು ನೋಡು, ಮುಟ್ಟಬೇಡ. ಸಿಮೆಂಟಿನ ನಡುವೆ ಸಣ್ಣ ಬಿಳಿ ಕೂದಲಿನಂಥ ಎಳೆಗಳು ಚಾಚಿಕೊಂಡಿದ್ದರೆ ಅನುಮಾನ ಗಟ್ಟಿಯಾಯಿತು. ಕಾಣದಿದ್ದರೆ ಇಲ್ಲ ಅಂತಲ್ಲ. ಆಸ್‌ಬೆಸ್ಟಾಸ್ ಇಲ್ಲದ ಸಿಮೆಂಟ್ ಶೀಟೂ ಈಗ ಬರುತ್ತದೆ, ಕಣ್ಣಿಗೆ ಎರಡೂ ಒಂದೇ. ಪ್ರಯೋಗಾಲಯದ ಸೂಕ್ಷ್ಮದರ್ಶಕ ಮಾತ್ರ ಖರೆ ಹೇಳುತ್ತದೆ. ಪರೀಕ್ಷೆ ಮಾಡಿಸುವ ತನಕ ಇದೆ ಅಂತಲೇ ತಿಳಿದು ನಡೆ.

ಮಾಡು ಮಾತ್ರ ನೋಡಿ ಮುಗಿಸಬೇಡ. ಮಳೆ ನೀರು ಇಳಿಯುವ ಹಳೆ ಬೂದು ಪೈಪು, ಮೂಲೆಯ ಸಿಮೆಂಟ್ ಟಾಕಿ, ಅಡ್ಡಗೋಡೆಗೆ ಬಡಿದ ಚಪ್ಪಟೆ ಶೀಟು, ನೆಲದೊಳಗಿನ ಹಳೆ ಎಸಿ, ಅಂದರೆ ಆಸ್‌ಬೆಸ್ಟಾಸ್ ಸಿಮೆಂಟ್ ಪೈಪು ಇವೂ ಅದೇ ಕುಲ. ಹಳೆ ಪಿಂಗಾಣಿ ಫ್ಯೂಸಿನೊಳಗೆ ಒಂದು ಬಿಳಿ ಬಟ್ಟೆಯಂಥ ಪಟ್ಟಿ ಇರುತ್ತದೆ, ಅದೂ ಆಸ್‌ಬೆಸ್ಟಾಸ್ ಇರಬಹುದು. ಹಿತ್ತಲಿಗೆ ಹೋಗು. ಒಡೆದ ತುಂಡು ಬಚ್ಚಲಿಗೆ ಮರೆಯಾಗಿದೆ, ಕೋಳಿ ಗೂಡಿಗೆ ಮುಚ್ಚಳವಾಗಿದೆ, ಗಟಾರದ ಮೇಲೆ ಹಾಸಾಗಿದೆ. ಓಣಿಯ ಹುಡುಗಿಯರು ಕುಂಟಾಟಕ್ಕೆ ಅದರ ಚೂರನ್ನೇ ಬಿಲ್ಲೆ ಮಾಡಿಕೊಳ್ಳುತ್ತಾರೆ. ಚೌಕವಾಗಲಿ ಅಂತ ಕಲ್ಲಿಗೆ ತಿಕ್ಕಿ ತಿಕ್ಕಿ ಅಂಚು ನುಣುಪು ಮಾಡುತ್ತಾರೆ, ಉದುರಿದ ಪುಡಿಯನ್ನು ಊದುತ್ತಾರೆ. ಇದನ್ನು ಕಂಡಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಬಯ್ಯಬೇಡ ಅವರನ್ನು. ಶಹಾಬಾದ್ ಪರಸಿಯ ಒಂದು ಚೂರು ಕೊಟ್ಟು ಅದನ್ನು ಇಸಿದುಕೋ.

ಗಟ್ಟಿಯಿರುವ ಶೀಟನ್ನು ಮುಟ್ಟಬೇಡ ಅನ್ನುವುದು ಸುಲಭ, ನಿಮ್ಮಂಥ ಹುಡುಗರಿಗೆ ಅದೇ ಕಷ್ಟ. ಕೈ ಸುಮ್ಮನಿರುವುದಿಲ್ಲ. ಡಿಶ್ ಕೂರಿಸಬೇಕು, ತೂತು ಕೊರಿ. ಕ್ಯಾಮೆರಾ ಹಾಕಬೇಕು, ತೂತು ಕೊರಿ. ಬ್ಯಾಸಗಿ ಬಂತು, ಸುಣ್ಣ ಬಳಿಯಬೇಕು, ಮೊದಲು ತಂತಿ ಬ್ರಷ್ಷಿನಿಂದ ಪಾಚಿ ಕೆರಿ. ಈ ಕೆರೆಯುವುದೇ ಕೆಟ್ಟದ್ದು. ನಮ್ಮ ರಾಯಚೂರ ಬಿಸಿಲಿಗೆ ಬಿಳಿ ಬಣ್ಣ ಬೇಕು ಹೌದು, ಕೆಳಗಿನ ಸೆಕೆ ಇಳಿಯುತ್ತದೆ, ಹಳೆ ಶೀಟಿನ ಮೈಯೂ ಮುಚ್ಚಿಕೊಳ್ಳುತ್ತದೆ. ಆದರೆ ಕೆರೆಯದೆ, ಜೋರು ನೀರಿನ ಪೈಪು ಬಿಡದೆ, ಮೇಲೆ ನಡೆಯದೆ, ಉದ್ದ ಕೋಲಿನ ರೋಲರ್‌ನಿಂದ ಬಳಿ. ಒಳಗೆ ಸೀಲಿಂಗ್ ಮಾಡಿಸುವುದಾದರೆ ಅದನ್ನು ಪೈಪಿಗೆ, ತೊಲೆಗೆ ಕಟ್ಟಿಸು, ಶೀಟಿಗೆ ಮೊಳೆ ಹೊಡೆಸಬೇಡ. ಅದರ ಕೆಳಗೆ ಕಟ್ಟಿಗೆ ಒಲೆ ಇದ್ದರೆ ಒಲೆಯನ್ನು ಸರಿಸು. ಬೆಂಕಿಗೆ ಈ ಶೀಟು ಪಟಪಟನೆ ಸಿಡಿಯುತ್ತದೆ.

ಮೇಲೆ ಹತ್ತುವ ಮಾತಿಗೆ ಬಂದರೆ ಪುಪ್ಪುಸಕ್ಕಿಂತ ಮೊದಲು ಬೆನ್ನುಮೂಳೆಯ ಚಿಂತೆ ಮಾಡು. ಎಳೆಯ ರೋಗ ನಲವತ್ತು ವರ್ಷ ತಗೊಂಡರೆ ಬೀಳಲಿಕ್ಕೆ ಒಂದು ಕ್ಷಣ. ಹಳೆ ಸಿಮೆಂಟ್ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ, ಮುರಿಯುವ ಮೊದಲು ಬಗ್ಗಿ ಸೂಚನೆ ಕೊಡುವುದೂ ಇಲ್ಲ. ಬೋಲ್ಟಿನ ಸಾಲಿನ ಮೇಲೆ ಕಾಲಿಟ್ಟರೆ ಏನಾಗುವುದಿಲ್ಲ ಅನ್ನುವ ಮಾತು ಎಷ್ಟೋ ಮಂದಿಯನ್ನು ಕೆಡವಿದೆ. ಮಂಗ ಹಾರಿ ಬಿರುಕು ಬಿಟ್ಟ ಜಾಗ ಮೇಲಿಂದ ಕಾಣುವುದಿಲ್ಲ. ಮೇ ತಿಂಗಳ ಗಾಳಿಗೆ ಹಾರದಿರಲಿ ಅಂತ ಇಟ್ಟ ಕಲ್ಲು, ಟೈರು ಸರಿಸಲು ಹತ್ತಿ ಬಿದ್ದವರನ್ನು ನಾನು ಕಂಡಿದ್ದೇನೆ. ಆದಷ್ಟೂ ಕೆಳಗಿನಿಂದ, ಅಟ್ಟಣಿಗೆ ಕಟ್ಟಿ ಬಿಚ್ಚಬೇಕು. ಮೇಲೆ ಹೋಗಲೇಬೇಕಾದರೆ ಎರಡು ಮೂರು ತೊಲೆಗೆ ದಾಟುವಷ್ಟು ಉದ್ದದ ಹಲಗೆ ಹಾಕಿ, ಸೊಂಟಕ್ಕೆ ಹಗ್ಗದ ಬೆಲ್ಟು ಬಿಗಿದುಕೊಂಡು.

ಈಗ ಬಿಚ್ಚುವ ಕೆಲಸ. ಮಾನವಿಯ ಮಿಲ್ಲೊಂದರಲ್ಲಿ ಒಬ್ಬ ಹಳೆ ಫಿಟ್ಟರ್ ಇದ್ದ. ಅಕ್ಷರ ಬಾರದವನು. ಅಕ್ಕಿ ಕುದಿಸುವ ಬಾಯ್ಲರಿನ ಬಾಗಿಲಿಗೆ ಸುತ್ತುವ ಬಿಳಿ ಹಗ್ಗ ಇರುತ್ತದಲ್ಲ, ಹಳೆಯದೆಲ್ಲ ಆಸ್‌ಬೆಸ್ಟಾಸಿನದೇ. ಉಳಿದವರು ಅದನ್ನು ಉಳಿಯಿಂದ ಒಣಒಣ ಕೆರೆದು ಕೈಯಿಂದ ಧೂಳು ಹಾರಿಸುತ್ತಿದ್ದರು. ಈತ ಬಾಯ್ಲರ್ ತಣ್ಣಗಾಗುವ ತನಕ ಕಾಯುತ್ತಿದ್ದ, ಚಹಾ ಕುಡಿದು ಬರುತ್ತಿದ್ದ, ಒಂದು ಡಬ್ಬಿ ನೀರು ತಂದು ಹಗ್ಗವನ್ನು ತೋಯಿಸುತ್ತಿದ್ದ. ತೋಯ್ದ ಹಗ್ಗ ಒಂದೇ ಎಳೆತಕ್ಕೆ ಇಡಿಯಾಗಿ ಬರುತ್ತಿತ್ತು. ಅದನ್ನು ಸಿಮೆಂಟಿನ ಖಾಲಿ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಿದ್ದ. ಹುಡುಗರು ಅವನನ್ನು ನಿಧಾನಪ್ಪ ಅಂತ ಆಡಿಕೊಂಡು ನಗುತ್ತಿದ್ದರು. ಅವನಿಗೆ ಯಾರೂ ಕಲಿಸಿದ್ದಲ್ಲ, ಧೂಳು ಒಳ್ಳೆಯದಲ್ಲ ಅನ್ನುವುದು ಕೈಗೆ ಗೊತ್ತಿತ್ತು. ನೀನು ಡಿಪ್ಲೊಮಾ ಮಾಡಿದವನು, ಅವನಷ್ಟಾದರೂ ತಾಳ್ಮೆ ಕಲಿ.

ಅವನ ಹಾಗೆಯೇ ಮಾಡು. ಮೊದಲು ಮನೆಯ ಮೇನ್ ಸ್ವಿಚ್ ಆರಿಸು. ಮನೆಯೊಳಗಿನ ಸಾಮಾನು, ಹಾಸಿಗೆ, ಕಾಳಿನ ಚೀಲ ಹೊರಗೆ ಸಾಗಿಸು, ಮಕ್ಕಳು ಮುದುಕರನ್ನು ಬೇರೆ ಮನೆಗೆ ಕಳಿಸು, ಪಕ್ಕದ ಮನೆಯವರಿಗೆ ಹೇಳಿ ಕಿಟಕಿ ಹಾಕಿಸು. ಗಾಳಿ ಬೀಸುವ ದಿನ ಕೆಲಸ ಬೇಡ. ಹೊಲಕ್ಕೆ ಔಷಧ ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು, ನೀರಿಗೆ ಚೂರು ಸಾಬೂನು ಪುಡಿ ಹಾಕಿ, ಶೀಟಿನ ಎರಡೂ ಮೈ ತೋಯುವ ಹಾಗೆ ಸಣ್ಣಗೆ ಸಿಂಪಡಿಸು. ಬೋಲ್ಟನ್ನು ಬಿಚ್ಚು, ತುಕ್ಕು ಹಿಡಿದಿದ್ದರೆ ಎಣ್ಣೆ ಬಿಡು, ಅದಕ್ಕೂ ಬಾರದಿದ್ದರೆ ಬೋಲ್ಟನ್ನೇ ಕಟ್ಟರ್‌ನಿಂದ ಕತ್ತರಿಸು. ಶೀಟಿಗೆ ಸುತ್ತಿಗೆ ಬೇಡ, ಗ್ರೈಂಡರ್ ಖಂಡಿತ ಬೇಡ. ಒಂದೊಂದನ್ನೇ ಇಬ್ಬರು ಹಿಡಿದು ಕೆಳಗೆ ಕೊಡಲಿ. ಮೇಲಿಂದ ಬಿಸಾಡಿದರೆ ಅಲ್ಲಿಯ ತನಕ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿರಲಿ, ಅದರ ಮೇಲೆ ಪೇರಿಸಿ, ಎರಡು ಸುತ್ತು ಸುತ್ತಿ, ಟೇಪ್ ಹಾಕಿ, ಮೇಲೆ ದೊಡ್ಡ ಅಕ್ಷರದಲ್ಲಿ ಆಸ್‌ಬೆಸ್ಟಾಸ್, ಒಡೆಯಬೇಡಿ ಅಂತ ಬರೆ. ಬಿದ್ದ ಚೂರನ್ನು ತೋಯಿಸಿ ಆರಿಸು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಅದರೊಳಗೇ ಹಾಕು. ಕಸಬರಿಗೆ ಮುಟ್ಟಬೇಡ.

ಮೂಗಿಗೆ ವಲ್ಲಿ ಕಟ್ಟಿದರೆ ಸಾಕು ಅನ್ನುವವರ ಮಾತು ಕೇಳಬೇಡ, ವಲ್ಲಿಯ ನೇಯ್ಗೆಯಲ್ಲಿ ಈ ಎಳೆ ಆರಾಮಾಗಿ ದಾಟುತ್ತದೆ. ಕೊರೊನಾ ಕಾಲದ ನೀಲಿ ಮಾಸ್ಕೂ ಅಷ್ಟೇ. ರಬ್ಬರ್ ಅಂಚಿನ, ಎರಡು ಬದಿ ಪಿ100 ಫಿಲ್ಟರ್ ಇರುವ ಮಾಸ್ಕು ತರಿಸು. ಕೆಲಸಕ್ಕೆ ಬಂದ ಪ್ರತಿಯೊಬ್ಬನಿಗೂ ಒಂದು, ನಿನಗೆ ಮಾತ್ರ ಅಲ್ಲ. ಇನ್ನೊಂದು ಕಹಿ ಮಾತು: ನೀನು ಇಷ್ಟು ಪ್ರೀತಿಯಿಂದ ಬೆಳೆಸಿದ ಆ ಗಡ್ಡ ತೆಗೆಸಬೇಕು. ಕೂದಲಿನ ಮೇಲೆ ಮಾಸ್ಕು ಅಂಟುವುದಿಲ್ಲ, ಸಂದಿಯಿಂದ ಗಾಳಿ ನುಗ್ಗುತ್ತದೆ. ಮತ್ತೆ ಬೆಳೆಯುತ್ತದೆ ಬಿಡು. ಕೆಲಸದ ಅಂಗಿ ಹಳೆಯದಿರಲಿ, ಮುಗಿದ ಮೇಲೆ ತೋಯಿಸಿ ಶೀಟಿನ ಜೊತೆಯೇ ಕಟ್ಟಿಬಿಡು. ಅಲ್ಲೇ ತಲೆಗೆ ನೀರು ಹಾಕಿಕೊಂಡು ಮನೆಗೆ ಹೋಗು. ಸಿಗರೇಟು ನಾನು ನೋಡಿಲ್ಲ ಅಂತ ತಿಳಿದಿದ್ದೀಯಲ್ಲ, ಅದನ್ನೂ ಬಿಡು. ಆಸ್‌ಬೆಸ್ಟಾಸೂ ಹೊಗೆಯೂ ಸೇರಿದರೆ ಪುಪ್ಪುಸದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ.

ಕಟ್ಟಿಟ್ಟ ಶೀಟನ್ನು ಏನು ಮಾಡಬೇಕು? ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಪರಿಸರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿ ರಾಯಚೂರಿನಲ್ಲೇ ಇದೆ, ಅಲ್ಲಿಗೂ ನಿಮ್ಮ ಪುರಸಭೆಗೂ ಲಿಖಿತ ಅರ್ಜಿ ಕೊಡು, ಎಷ್ಟು ಶೀಟು, ಎಲ್ಲಿದೆ ಅಂತ ಬರೆ. ಅಪಾಯದ ಕಸವನ್ನು ಶಾಸ್ತ್ರಬದ್ಧವಾಗಿ ಹೂಳುವ ಜಾಗ ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿದೆ. ಹತ್ತು ಶೀಟಿನ ಬಡವ ಅಲ್ಲಿಗೆ ಲಾರಿ ಮಾಡಿಕೊಂಡು ಹೋಗಲಾರ. ಪ್ರತಿ ತಾಲೂಕಿಗೆ ಇದನ್ನು ಇಸಿದುಕೊಳ್ಳುವ ಒಂದು ಜಾಗ ಸರ್ಕಾರ ಮಾಡಲೇಬೇಕು, ಅದನ್ನು ಕೇಳುವವರು ನಿಮ್ಮಂಥ ಓದಿದ ಹುಡುಗರೇ ಆಗಬೇಕು. ಅಲ್ಲಿಯವರೆಗೆ ಸುತ್ತಿದ್ದು ಸುತ್ತಿದಂತೆಯೇ, ದನ ತುಳಿಯದ, ಮಕ್ಕಳು ಹೋಗದ ಮೂಲೆಯಲ್ಲಿ ಇಡು. ಗುಜರಿಗೆ ಕೊಡಬೇಡ. ಪುಕ್ಕಟೆ ಕೇಳುವ ಆಳಿಗೂ ಕೊಡಬೇಡ, ಅವನ ಮಕ್ಕಳೂ ಮಕ್ಕಳೇ. ಕಾಲುವೆಗೆ, ಹಳ್ಳಕ್ಕೆ, ರಸ್ತೆಯ ತಗ್ಗಿಗೆ ತುಂಬಿಸಬೇಡ. ತಗ್ಗಿಗೆ ಹಾಕಿದ ಚೂರನ್ನು ಟ್ರ್ಯಾಕ್ಟರ್ ಗಾಲಿ ದಿನಾ ಅರೆಯುತ್ತದೆ, ಅಷ್ಟೂ ಧೂಳು ಓಣಿಗೇ ಬರುತ್ತದೆ.

ನಿನ್ನ ಗೌಂಡಿಗೂ ಒಂದು ಮಾತು ಹೇಳು. ಇಷ್ಟು ವರ್ಷ ಕೊಯ್ದದ್ದು ಆಯಿತು, ಹಿಂದಕ್ಕೆ ತರಲಿಕ್ಕಾಗದು. ನಡೆದರೆ ಏದುಸಿರು, ಬಿಡದ ಒಣಕೆಮ್ಮು, ಎದೆ ಬಿಗಿತ ಇದ್ದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಲಿ. ಸುಮ್ಮನೆ ಕೆಮ್ಮು ಅಂತ ಹೇಳಿದರೆ ಗುಳಿಗೆ ಕೊಟ್ಟು ಕಳಿಸುತ್ತಾರೆ. ಇಂತಿಷ್ಟು ವರ್ಷ ಸಿಮೆಂಟ್ ಶೀಟು ಕೊಯ್ದಿದ್ದೇನೆ ಅಂತ ಬಾಯಿಬಿಟ್ಟು ಹೇಳಲಿ, ಚೀಟಿಯಲ್ಲಿ ಬರೆಸಿಕೊಳ್ಳಲಿ, ಆ ಚೀಟಿಯನ್ನು ಲೇಬರ್ ಕಾರ್ಡಿನ ಜೊತೆ ಜೋಪಾನ ಮಾಡಲಿ. ನಾಳೆ ಅವನ ಕೂಲಿಯ ಕತೆಗೆ ಇರುವ ಸಾಕ್ಷಿ ಅದೊಂದೇ.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ದೇವದುರ್ಗಕ್ಕೆ ಬರುತ್ತೇನೆ. ಬ್ಯಾರೆಲ್ಲಿಗೆ ನೀರು ತುಂಬಿಸಿರು, ಪ್ಲಾಸ್ಟಿಕ್ ಹಾಳೆ ಇಪ್ಪತ್ತು ಮೀಟರಿಗೆ ಕಡಿಮೆಯಾಗದಂತೆ ತಂದಿರು, ಹುಡುಗರಿಗೆ ಇದು ಎರಡು ದಿನದ ಕೆಲಸ ಅಂತ ಮೊದಲೇ ಹೇಳಿ ಎರಡು ದಿನದ ಕೂಲಿಯನ್ನೇ ಮಾತಾಡಿರು. ಹದಿನೆಂಟು ತುಂಬದವನನ್ನು ಕರೆತಂದರೆ ನಾನು ಕೆಲಸ ಶುರು ಮಾಡಿಸುವುದಿಲ್ಲ. ನಿನ್ನವ್ವನನ್ನು ಗುರುವಾರ ಸಂಜೆಯೇ ಅವಳ ತಂಗಿಯ ಮನೆಗೆ ಕಳಿಸು, ಬುತ್ತಿ ಕಟ್ಟಿಕೊಂಡು ನೋಡಲಿಕ್ಕೆ ಬರುತ್ತೇನೆ ಅಂದರೂ ಒಪ್ಪಬೇಡ.